ಅಣಕು ವ್ಯೋಮನೌಕೆಯ ನಿಯಂತ್ರಣ ಫಲಕಗಳು

ನಾನು ಅಧ್ಯಾಪಕ ವೃತ್ತಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. 1986ರ ಜನವರಿ 29ರ ಬೆಳಿಗ್ಗೆ ಆಕಾಶವಾಣಿಯ ವಾರ್ತೆ ಕೇಳಿ ಶಾಲೆಗೆ ಹೋದವನು, ಅಂದಿನ ಪಾಠವನ್ನು ಬದಿಗಿರಿಸಿ ಚಾಲೆಂಜರ್ ನೌಕೆಯ ದುರಂತವನ್ನು ಮಕ್ಕಳಿಗೆ ವಿವರಿಸಿದೆ. ಹಿಂದಿನ ದಿನ, ಮೇಲೇರಿದ 73 ಸೆಕೆಂಡುಗಳಲ್ಲಿ ಛಿದ್ರವಾದ ಆ ನೌಕೆಯಲ್ಲಿ ಮಡಿದ ಏಳು ಮಂದಿಯಲ್ಲಿ ಕ್ರಿಸ್ಟಾ ಮೆಕಾಲಿಫ್ ನನ್ನಂತೆಯೇ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದವರು. 11,000ಕ್ಕೂ ಹೆಚ್ಚು ಶಿಕ್ಷಕರ ಅರ್ಜಿಗಳಲ್ಲಿ ಆಯ್ಕೆಯಾಗಿದ್ದ ಆಕೆ ಬಾಹ್ಯಾಕಾಶದಿಂದ ಎರಡು ಪಾಠ ಮಾಡುವವರಿದ್ದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಆ ಟೀಚರ್ ಕ್ಲಾಸಿಗೆ ಇನ್ನು ಯಾರು ಬರ್ತಾರೆ?" ನನಗೆ ಉತ್ತರ ಹೊಳೆಯಲಿಲ್ಲ.

ಆ ಹೆಸರು ಮತ್ತೆ ಕಣ್ಣಿಗೆ ಬಿದ್ದದ್ದು ನಿವೃತ್ತಿಯ ನಂತರ. ಅಮೆರಿಕದ ಯೂಟಾ ರಾಜ್ಯದ ಪ್ಲೆಸೆಂಟ್ ಗ್ರೋವ್ ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ ವಿಕ್ಟರ್ ವಿಲಿಯಮ್ಸನ್ ಎಂಬ ಶಿಕ್ಷಕರು 1990ರಲ್ಲಿ ಆರಂಭಿಸಿದ ಬಾಹ್ಯಾಕಾಶ ಕೇಂದ್ರಕ್ಕೆ ಮೆಕಾಲಿಫ್ ಅವರ ಹೆಸರಿದೆ. ಅಲ್ಲಿ ಮಕ್ಕಳೇ ನೌಕೆಯ ಸಿಬ್ಬಂದಿ. ಆ ಶಿಕ್ಷಕರು ಮೊದಲು ತರಗತಿಯಲ್ಲಿಯೇ ಓವರ್‌ಹೆಡ್ ಪ್ರೊಜೆಕ್ಟರ್ ಬೆಳಕಿನಲ್ಲಿ ಈ ಆಟ ಆಡಿಸುತ್ತಿದ್ದರಂತೆ!

ಇಂಥ ನೌಕೆಗಳ ಮೂಲ ಮಾದರಿ ಬಂದದ್ದು ದೂರದರ್ಶನ ಧಾರಾವಾಹಿಯಿಂದ. 1966ರ 'ಸ್ಟಾರ್ ಟ್ರೆಕ್'ಗೆ ಚಾಲನಾ ಕೊಠಡಿಯನ್ನು ರೂಪಿಸಿದ ಮ್ಯಾಟ್ ಜೆಫ್ರೀಸ್ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳಲ್ಲಿ ಹಾರಿದ್ದವರು. ನಾಯಕನ ಕುರ್ಚಿ ನಡುವೆ, ಸುತ್ತಲೂ ವೃತ್ತಾಕಾರದಲ್ಲಿ ಫಲಕಗಳು, ಕುಳಿತವನ ಕೈಗೆಟಕುವಂತೆ ಗುಂಡಿಗಳು. 1987ರ ಹೊಸ ಧಾರಾವಾಹಿಗೆ ಮೈಕೆಲ್ ಒಕುಡ ಗುಂಡಿಗಳನ್ನೇ ಕೈಬಿಟ್ಟರು. ಪಾರದರ್ಶಕ ಹಾಳೆಯ ಮೇಲೆ ಚಿತ್ರ, ಹಿಂದಿನಿಂದ ಬೆಳಕು, ಅಷ್ಟೇ. ಖರ್ಚು ಉಳಿಸುವ ಉಪಾಯವೂ ಅದಾಗಿತ್ತು. ಇಂದು ನಮ್ಮ ಕಿಸೆಯ ಮೊಬೈಲು ಕೂಡ ಹಾಗೆಯೇ ಕಾಣುತ್ತದೆ.

ಆದರೆ ಚಿತ್ರೀಕರಣದ ಫಲಕ ಏನನ್ನೂ ಮಾಡಬೇಕಾಗಿರಲಿಲ್ಲ. ಅಣಕು ನೌಕೆಯ ಫಲಕ ಮಾಡಲೇಬೇಕು. ಇಲ್ಲಿಯೇ ವಿನ್ಯಾಸಕಾರನು ಶಿಕ್ಷಕನಾಗುತ್ತಾನೆ. 2010ರಲ್ಲಿ ಥಾಮ್ ರಾಬರ್ಟ್‌ಸನ್ ಹೊರತಂದ 'ಆರ್ಟೆಮಿಸ್' ಎಂಬ ಗಣಕ ಆಟವನ್ನು ನೋಡಿ. ಒಂದೊಂದು ಗಣಕವೂ ನೌಕೆಯ ಒಂದೊಂದು ಫಲಕ. ಎದುರಾಳಿ ನೌಕೆಯ ರಕ್ಷಾಕವಚದ ದುರ್ಬಲ ತರಂಗಾಂತರ ವಿಜ್ಞಾನದ ಫಲಕದಲ್ಲಿ ಮಾತ್ರ ಕಾಣುತ್ತದೆ. ಅದಕ್ಕೆ ಹೊಂದಿಸಿ ಕಿರಣ ಹಾಯಿಸುವ ಗುಂಡಿ ಅಸ್ತ್ರದ ಫಲಕದಲ್ಲಿದೆ. ಎಂಜಿನಿಯರ್ ಶಕ್ತಿ ಹಂಚುತ್ತಾನೆ. ಒಂದೇ ಕಡೆಗೆ ಹೆಚ್ಚು ಹರಿಸಿದರೆ ಯಂತ್ರ ಕಾದು ಕೆಡುತ್ತದೆ. ಎಲ್ಲಕ್ಕಿಂತ ಸೋಜಿಗವೆಂದರೆ, ಕ್ಯಾಪ್ಟನ್‌ಗೆ ನೌಕೆಯನ್ನು ನಡೆಸುವ ಒಂದು ಗುಂಡಿಯೂ ಇಲ್ಲ! ಆತ ಕೇಳಬೇಕು, ಹೇಳಬೇಕು. ಬಾಯಿ ಬಿಡದ ಸಿಬ್ಬಂದಿಯ ನೌಕೆ ಉಳಿಯಲಾರದು.

ಇದನ್ನು ಓದುವಾಗ ನನಗೆ ನಮ್ಮ ಶಾಲೆಯ ಅಣಕು ಸಂಸತ್ತು ನೆನಪಾಯಿತು. ಪ್ರತಿವರ್ಷ ಪ್ರಶ್ನೆ, ಉತ್ತರ, ಅಂಕಿಅಂಶ ಎಲ್ಲವನ್ನೂ ಬರೆದು, ಪ್ರಧಾನಿಯಾಗುತ್ತಿದ್ದ ಜಾಣ ಹುಡುಗನ ಕೈಗೆ ಒಟ್ಟಾಗಿ ಕೊಡುತ್ತಿದ್ದೆ. ಅವನು ನಿರರ್ಗಳವಾಗಿ ಮಾತಾಡುತ್ತಿದ್ದ, ನಮಗೆ ಬಹುಮಾನವೂ ಬರುತ್ತಿತ್ತು. ಉಳಿದ ಮೂವತ್ತು ಮಂದಿ ಮಂತ್ರಿಗಳೂ ಸದಸ್ಯರೂ ಮೇಜು ಕುಟ್ಟುತ್ತಿದ್ದರು. ಆ ಪ್ರಶ್ನೆ ಕೇಳಿದ ಹುಡುಗಿಯೂ ಅವರಲ್ಲಿ ಒಬ್ಬಳಾಗಿದ್ದಳು.