ದ್ರಾಕ್ಷಿ ಸೀಮೆಯಲ್ಲಿ ನೀರಿನ ಲೆಕ್ಕ

ಇವತ್ತು ನಿಮ್ಮನ್ನ ವಿಜಯಪುರಕ್ಕೆ ಕರ್ಕೊಂಡು ಹೋಗ್ತೀನಿ. ನಾನು ಮಿರ್ಲೆಯವನು. ನಾಲೆ, ಭತ್ತದ ಗದ್ದೆ ನೋಡ್ಕೊಂಡೇ ಬೆಳೆದವನು. ಮೈಸೂರಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ. ಮಾರನೇ ದಿನ ಬೆಳಗ್ಗೆ ಇಳಿದಾಗ ಎದುರಿಗೇ ಗುಮ್ಮಟ! ಮೊಹಮ್ಮದ್ ಆದಿಲ್ ಶಾನ ಸಮಾಧಿ, 1656ರದ್ದು. ಹೊರ ಅಡ್ಡಳತೆ ಸುಮಾರು 44 ಮೀಟರ್, ಒಳಗೆ ಒಂದೂ ಕಂಬವಿಲ್ಲ. ಎಲ್ಲರಂತೆ ನಾನೂ ಕೂಗಿ ಪ್ರತಿಧ್ವನಿ ಕೇಳಿದೆ.

ಆದ್ರೆ ನನ್ನನ್ನ ತಡೆದು ನಿಲ್ಲಿಸಿದ್ದು ತಾಜ್ ಬಾವಡಿ. ಎರಡನೇ ಇಬ್ರಾಹಿಂ ಆದಿಲ್ ಶಾನ ಕಾಲದಲ್ಲಿ, 1620ರಲ್ಲಿ ಕಟ್ಟಿಸಿದ ದೊಡ್ಡ ಬಾವಿ. ಯೋಚನೆ ಮಾಡಿ: ಊರೊಳಗೆ ನದಿಯಿಲ್ಲ, ಮಳೆಯೂ ಕಡಿಮೆ. ಆದ್ರೂ ಇದು ದಖನ್ನಿನ ದೊಡ್ಡ ರಾಜಧಾನಿ. ಹೇಗೆ? ತೊರವಿ ಕಡೆಯಿಂದ ನೆಲದಡಿಯ ಸುರಂಗದಲ್ಲಿ ನೀರು ಬರ್ತಿತ್ತು. 1651ರ ಬೇಗಂ ತಲಾಬ್‌ನಿಂದ ಮಣ್ಣಿನ ಕೊಳವೆಗಳಲ್ಲಿ ಹರೀತಿತ್ತು. ಕೊಳವೆ ಒಡೆಯದಂತೆ ಒತ್ತಡ ಇಳಿಸೋಕೆ ದಾರಿಯಲ್ಲಿ ಕಲ್ಲಿನ ಗೋಪುರ ಕಟ್ಟಿದ್ರು. ಅವುಗಳಿಗೆ ಗಂಜ್ ಅಂತಾರೆ. ಒಂದು ವರ್ಷ ದಾಟಿದ ಮುತ್ತಿಗೆಯ ನಂತರ, 1686ರಲ್ಲಿ ಊರು ಔರಂಗಜೇಬನ ವಶವಾಯ್ತು. ಅರಸರು ಹೋದ ಮೇಲೆ ಜನ ಚದುರಿದ್ರು, ಆ ವ್ಯವಸ್ಥೆಯೂ ಹಾಳುಬಿತ್ತು.

ಮಧ್ಯಾಹ್ನ ಊರಾಚೆ ಒಂದು ದ್ರಾಕ್ಷಿ ತೋಟಕ್ಕೆ ಹೋದೆ. ಕರ್ನಾಟಕದ ವೈನ್ ಭೂಪಟದಲ್ಲಿ ಇದು ಕೃಷ್ಣಾ ಕಣಿವೆ. ಸರ್ಕಾರ ವೈನ್ ನೀತಿ ತಂದದ್ದು 2007ರಲ್ಲಿ. ಆದ್ರೆ ಇಲ್ಲಿನ ಹಣ್ಣಿನಲ್ಲಿ ಬಹಳಷ್ಟು ಹೋಗೋದು ಮಣೂಕಕ್ಕೆ, ಅಂದ್ರೆ ಒಣದ್ರಾಕ್ಷಿಗೆ. ಶೆಡ್ಡಿನ ನೆರಳಲ್ಲಿ, ಬಲೆ ಮೇಲೆ ಹರವಿ ಒಣಗಿಸ್ತಾರೆ.

ತೋಟದ ಯಜಮಾನರು ಕೇಳಿದ್ರು: "ಯಾವೂರ್ರೀ ತಮ್ಮಾ?"

ಹೇಳಿದೆ.

"ನಿಮ್ಮ ಕಡೆ ಕಾಲುವಿ ನೀರು ರಾತ್ರಿಯೆಲ್ಲಾ ಹರಿತೈತಂತಲ್ಲ? ನಮ್ದು ಹನಿ ಹನಿ ಲೆಕ್ಕ ನೋಡ್ರಿ."

ಒಂದೊಂದು ಬಳ್ಳಿಯ ಬುಡದಲ್ಲೂ ಡ್ರಿಪ್ ಪೈಪು. ನನಗೆ ಮಾತು ಹೊರಡಲಿಲ್ಲ. ಹೋದ ಬೇಸಿಗೆ ನಾಲೆಯಲ್ಲಿ ನೀರು ಬರದೆ ನಮ್ಮ ಅರ್ಧ ಪೈರು ಒಣಗಿತ್ತು. ಸಾಲ ಮಾಡಿ ಬೋರ್ ಕೊರೆಸೋಣ ಅಂತ ಅಪ್ಪ ಹಟ ಹಿಡಿದು ಕೂತಿದ್ರು. ನೀರು ಬಂದಾಗ ತೂಬು ತೆರೆದಿಟ್ಟು ಮಲಗಿದವರೂ ನಾವೇ ಅಲ್ವಾ?

ಊರಿಗೆ ಬಂದು ಅಪ್ಪನ ಕೈಗೆ ಅರ್ಧ ಕೆಜಿ ಮಣೂಕ ಕೊಟ್ಟೆ. "ಬೋರ್ ಆಮೇಲೆ ನೋಡೋಣ ಅಪ್ಪಾ. ಮೊದ್ಲು ಮೇಲಿನ ಹೊಲದ ತೆಂಗಿಗೆ ಡ್ರಿಪ್ ಹಾಕ್ಸೋಣ" ಅಂದೆ. ಎರಡು ಕಾಳು ಬಾಯಿಗೆ ಹಾಕ್ಕೊಂಡು, "ಎಷ್ಟಾಗುತ್ತೆ ಕೇಳ್ಕೊಂಡು ಬಾ" ಅಂದ್ರು.

ನಾಳೆ ಕೆ.ಆರ್. ನಗರಕ್ಕೆ ಹೊರಟಿದೀನಿ, ರೇಟು ಕೇಳೋಕೆ. ನಿಮ್ಮೂರಲ್ಲೂ ಹಳೇ ಬಾವಿ, ಕಟ್ಟೆ ಇದ್ರೆ ಒಮ್ಮೆ ಹೋಗಿ ನೋಡಿ. ಮತ್ತೆ ಸಿಗೋಣ.