ಸಾಲಿನಿಂದ ಕಾಲಂಗೆ: ಟೆಕ್ಸ್ಟ್ ಎಡಿಟರ್‌ನಲ್ಲಿ ಪಠ್ಯ ಜೋಡಣೆಯ ಚರಿತ್ರೆ

ಒಂದರ ಕೆಳಗೊಂದು ಬರೆದಿಟ್ಟ ಹೆಸರುಗಳ ಪಟ್ಟಿಯನ್ನು ಮೂರೋ ನಾಲ್ಕೋ ಕಾಲಂಗಳಾಗಿ ಹರಡುವ ಕೆಲಸ ಎಡಿಟರ್ ಬಳಸುವವರಿಗೆಲ್ಲ ಒಮ್ಮೆಯಾದರೂ ಎದುರಾಗುತ್ತದೆ. ಆದರೆ ಕಂಪ್ಯೂಟರಿನ ಸಾದಾ ಪಠ್ಯದಲ್ಲಿ ಕಾಲಂ ಎಂಬುದೇ ಇಲ್ಲ. ಅಲ್ಲಿರುವುದು ಸಂಕೇತಗಳ ಒಂದೇ ಉದ್ದನೆಯ ಸರಣಿ, ನಡುನಡುವೆ ಸಾಲು ಮುಗಿಯಿತೆನ್ನುವ ಗುರುತು. ಕಾಲಂ ಮೂಡುವುದು ಎಣಿಕೆಯಿಂದ, ಆ ಎಣಿಕೆಗೆ ಬುನಾದಿ 'ಒಂದು ಸಂಕೇತಕ್ಕೆ ಒಂದು ಜಾಗ' ಎಂಬ ನಂಬಿಕೆ. ಈ ನಂಬಿಕೆ ಯಂತ್ರಗಳಿಂದ ಬಂದದ್ದು, ಕನ್ನಡದಂಥ ಲಿಪಿಯ ಮುಂದೆ ಅದು ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ.

1928ರಲ್ಲಿ ಐಬಿಎಂ ಹೊರತಂದ ಪಂಚ್ ಕಾರ್ಡಿನಲ್ಲಿ 80 ಕಾಲಂಗಳಿದ್ದವು. ಒಂದು ಕಾಲಂನಲ್ಲಿ ಒಂದು ಅಕ್ಷರ. ಜಾಗವೆಂದರೆ ಕಾಗದದಲ್ಲಿ ಕೊರೆದ ರಂಧ್ರವೇ. 1957ರ ಫೋರ್ಟ್ರಾನ್ ಭಾಷೆ ಈ ಜಾಗಗಳಿಗೆ ಅರ್ಥವನ್ನೂ ಹಚ್ಚಿತು. ಮೊದಲ ಐದು ಹೇಳಿಕೆಯ ಸಂಖ್ಯೆಗೆ, ಆರನೆಯದು ಹಿಂದಿನ ಸಾಲಿನ ಮುಂದುವರಿಕೆಗೆ, 7ರಿಂದ 72ರವರೆಗೆ ಹೇಳಿಕೆಗೆ. 72ಕ್ಕೆ ನಿಲ್ಲಲು ಕಾರಣ ಐಬಿಎಂ 704 ಯಂತ್ರ. ಅದರ ಪದ, ಅಂದರೆ ಯಂತ್ರ ಒಮ್ಮೆಗೆ ಹಿಡಿಯುವ ತುಂಡು, 36 ಬಿಟ್‌ನದು. ಕಾರ್ಡ್ ಓದುವ ಯಂತ್ರ ಒಂದು ಅಡ್ಡಸಾಲನ್ನು ಎರಡು ಪದಗಳಿಗೆ, ಅಂದರೆ 72 ಬಿಟ್‌ಗಳಿಗೆ, ತುಂಬುತ್ತಿತ್ತು. ಕಾರ್ಡು ಹೋದ ಮೇಲೂ 80 ಉಳಿಯಿತು: 1978ರ ವಿಟಿ100 ಟರ್ಮಿನಲ್ಲಿನ ಪರದೆಯ ಸಾಮಾನ್ಯ ಅಗಲ ಅಷ್ಟೇ ಇತ್ತು. ಟೈಪ್‌ರೈಟರಿನಲ್ಲಿ ಲೋಹದ ತಡೆಯಾಗಿದ್ದ ಟ್ಯಾಬ್ 1963ರ ಆಸ್ಕಿ ಸಂಕೇತದಲ್ಲಿ 9ನೆಯ ಅಂಕೆಯಾಯಿತು, ಯುನಿಕ್ಸಿನಲ್ಲಿ ಎಂಟೆಂಟು ಜಾಗಗಳ ನೆಗೆತವಾಯಿತು.

ಸಾಲುಗಳನ್ನು ಕಾಲಂಗಳಾಗಿಸುವ ಉಪಕರಣಗಳು ಬೆಳೆದದ್ದು ಯುನಿಕ್ಸಿನಲ್ಲಿ. 1971ರ ಮೊದಲ ಆವೃತ್ತಿಯಲ್ಲೇ ಇದ್ದ 'ಪಿಆರ್' ಕಡತವನ್ನು ಪುಟಗಳಾಗಿ ಕತ್ತರಿಸುವ ಆದೇಶ. ಮುಂದೆ ಪುಟದೊಳಗೆ ಹಲವು ಕಾಲಂಗಳನ್ನು ಹೂಡುವುದನ್ನೂ ಕಲಿಯಿತು. ಇಲ್ಲಿ ಕಡೆಗಣಿಸಬಾರದ ಒಂದು ಪ್ರಶ್ನೆಯಿದೆ: ಪಟ್ಟಿ ಹರಿಯಬೇಕಾದದ್ದು ಕೆಳಮುಖವಾಗಿಯೋ, ಅಡ್ಡಲಾಗಿಯೋ? ಅಡ್ಡಲಾಗಿ ತುಂಬುವುದಾದರೆ ಸಾಲು ಬಂದಂತೆ ಬಂದಂತೆ ಮುದ್ರಿಸಬಹುದು. ನಿಘಂಟಿನಂತೆ ಕೆಳಮುಖವಾಗಿ ತುಂಬಲು ಇಡೀ ಪುಟವನ್ನು ಮೊದಲೇ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಓದುವವರಿಗೆ ಹಿತವಾದ ಕ್ರಮ ಯಂತ್ರಕ್ಕೆ ದುಬಾರಿ. ಆದರೂ ಪಿಆರ್ ತಾನಾಗಿ ಆರಿಸಿಕೊಳ್ಳುವುದು ಕೆಳಮುಖದ ಕ್ರಮವನ್ನೇ. ಅಡ್ಡ ಕ್ರಮ ಬೇಕೆಂದರೆ ಪ್ರತ್ಯೇಕವಾಗಿ ಕೇಳಬೇಕು. ಓದುಗರ ಪರ ನಿಂತ ಈ ಆಯ್ಕೆಯನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ.

ಬರ್ಕ್ಲಿ ಯುನಿಕ್ಸಿನ 'ಕಾಲಂ' ಆದೇಶ ಬಂದದ್ದು 1990ರಲ್ಲಿ. ಅದರ ಲೆಕ್ಕ ನೋಡಿ. ಪಟ್ಟಿಯ ಅತಿ ಉದ್ದದ ಹೆಸರು 13 ಅಕ್ಷರದ್ದಾದರೆ, ಟ್ಯಾಬಿನ ಎಂಟರ ಮಗ್ಗಿಗೆ ಹೊಂದಿಸಿ 16 ಜಾಗ. 80ನ್ನು 16ರಿಂದ ಭಾಗಿಸಿದರೆ ಐದು ಕಾಲಂ. ಹೆಸರುಗಳು 40 ಇದ್ದರೆ ಎಂಟು ಸಾಲು. ಕಾರ್ಡಿನ 80, ಟ್ಯಾಬಿನ ಎಂಟು ಎರಡೂ ಈ ಭಾಗಾಕಾರದಲ್ಲಿ ಕೂಡಿಕೊಂಡಿವೆ. ಇಮ್ಯಾಕ್ಸ್, ವಿಮ್ ಎಡಿಟರ್‌ಗಳು ಪಠ್ಯದ ಆಯತಾಕಾರದ ತುಂಡನ್ನು ಕತ್ತರಿಸಿ ಬೇರೆಡೆ ಅಂಟಿಸುವ ಸೌಲಭ್ಯ ಕೊಟ್ಟು ಅದೇ ಎಣಿಕೆಯನ್ನು ಬಳಸುವವರ ಕೈಗಿತ್ತವು.

ಇನ್ನು ಕನ್ನಡ. 'ಸ್ತ್ರೀ' ಓದುವವರಿಗೆ ಒಂದೇ ಅಕ್ಷರ. ಯುನಿಕೋಡಿನಲ್ಲಿ ಅದು ಆರು ಸಂಕೇತ: ಸ, ವಿರಾಮ (ಅರ್ಧಾಕ್ಷರದ ಗುರುತು), ತ, ವಿರಾಮ, ರ, ದೀರ್ಘ ಈಕಾರ. ಯುಟಿಎಫ್-8ರಲ್ಲಿ 18 ಬೈಟ್. ಸಾಲಿನಿಂದ ತುಂಡು ತೆಗೆಯುವ ಗ್ನೂ 'ಕಟ್' ಆದೇಶ ಬಹುಕಾಲ ಅಕ್ಷರವೆಂದು ಎಣಿಸಿದ್ದು ಬೈಟನ್ನೇ. ಮೊದಲ ನಾಲ್ಕನ್ನು ಕೊಡು ಎಂದರೆ 'ಸ' ಮತ್ತು ವಿರಾಮದ ಮೂರನೇ ಒಂದು ಭಾಗ ಬರುತ್ತಿತ್ತು. ಚೀನೀ, ಜಪಾನಿ ಲಿಪಿಗಳ ಅಕ್ಷರಗಳಿಗೆ ತಲಾ ಎರಡು ಜಾಗ ಕೊಟ್ಟು ತೊಡಕನ್ನು ಬಹುಮಟ್ಟಿಗೆ ಬಿಡಿಸಲಾಯಿತು. ನಮ್ಮ ಲಿಪಿಗೆ ಆ ದಾರಿ ಒಗ್ಗದು. 'ರ'ಕ್ಕಿಂತ 'ಮೌ' ಎಷ್ಟೋ ಅಗಲ. ಒತ್ತಕ್ಷರ ಕೆಲವೊಮ್ಮೆ ಕೆಳಗೆ ಕೂರುತ್ತದೆ, ಕೆಲವೊಮ್ಮೆ ಪಕ್ಕಕ್ಕೆ ಚಾಚುತ್ತದೆ. ಖಾಲಿ ಜಾಗ ತುಂಬಿ ನೇರ್ಪಡಿಸಿದ ಕನ್ನಡ ಪಟ್ಟಿ ಅದಕ್ಕೇ ಪರದೆಯ ಮೇಲೆ ಅಂಕುಡೊಂಕಾಗುತ್ತದೆ. ಬರೆಯುವವರು ಎಷ್ಟು ಶ್ರದ್ಧೆಯಿಂದ ಸ್ಪೇಸ್ ಒತ್ತಿದರೂ ಅದು ನೆಟ್ಟಗಾಗದು.

ಎಣಿಕೆಯನ್ನು ಬಿಟ್ಟು ಅಳತೆಯನ್ನು ನೆಚ್ಚುವ ದಾರಿ ಹೊಸದೇನಲ್ಲ. 1970ರ ದಶಕದಲ್ಲೇ ಬೆಲ್ ಲ್ಯಾಬ್ಸ್‌ನ ಮೈಕ್ ಲೆಸ್ಕ್ ರೂಪಿಸಿದ 'ಟಿಬಿಎಲ್'ನಲ್ಲಿ ಲೇಖಕರು ಕಾಲಂಗಳ ನಡುವೆ ಟ್ಯಾಬ್ ಇಟ್ಟು, ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂದಷ್ಟೇ ಹೇಳುತ್ತಿದ್ದರು; ಅಚ್ಚಿನ ಅಕ್ಷರಗಳ ನಿಜವಾದ ಅಗಲ ನೋಡಿ ಜಾಗ ಗೊತ್ತುಮಾಡುವುದು ಯಂತ್ರದ ಪಾಲು. 2006ರಲ್ಲಿ ನಿಕ್ ಗ್ರಾವ್‌ಗಾರ್ಡ್ ಮಂಡಿಸಿದ ಹಿಗ್ಗುವ ಟ್ಯಾಬುಗಳ ವಿಧಾನ ಅದೇ ವಿವೇಕವನ್ನು ಎಡಿಟರ್ ಒಳಗೆ ತರುತ್ತದೆ: ಒಂದಕ್ಕೊಂದು ತಾಗಿದ ಸಾಲುಗಳಲ್ಲಿ ಅತಿ ಅಗಲದ ಪದ ಯಾವುದೋ, ಆ ಕಾಲಂನ ಅಗಲ ಅಷ್ಟು. ಹೀಗೆ ಮಾಡುವ ಎಡಿಟರಿನಲ್ಲಿ 'ಸ್ತ್ರೀ'ಯಲ್ಲಿ ಎಷ್ಟು ಸಂಕೇತಗಳಿವೆ ಎಂದು ಯಾರೂ ಎಣಿಸಬೇಕಾಗಿಲ್ಲ. ಪರದೆಯ ಮೇಲೆ ಅದು ಹಿಡಿದ ಅಗಲವಷ್ಟೇ ಲೆಕ್ಕಕ್ಕೆ ಬರುತ್ತದೆ.