ವಿಳಾಸಪಟ್ಟಿಯಲ್ಲಿ ಗೌರಿಬಿದನೂರು: ಬ್ರೌಸರ್ ರೂಟಿಂಗ್ ಚರಿತ್ರೆಗೊಂದು ಅಡಿಟಿಪ್ಪಣಿ

ಗೌರಿಬಿದನೂರು ಎಂಬ ಹೆಸರು ಓದುವವರ ಕಣ್ಣಿಗೆ ಆರೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಸ್ವರಚಿಹ್ನೆಗಳೂ ಸೇರಿ 11 ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್. ವೆಬ್ ವಿಳಾಸದೊಳಗೆ ಹೋಗುವಾಗ ಪ್ರತಿ ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಗುರುತಾಗುತ್ತದೆ. ಒಟ್ಟು 99. ಚಿಂತಾಮಣಿಗೆ 72. ವಿಳಾಸ ನೋಡಿ ಪುಟದಲ್ಲಿ ಏನು ತೋರಿಸಬೇಕೆಂದು ತೀರ್ಮಾನಿಸುವ ಜಾವಾಸ್ಕ್ರಿಪ್ಟ್ ರೂಟರುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಹ್ಯಾಷ್ ಚಿಹ್ನೆಯನ್ನು ಕಳಚಿಕೊಂಡ ಕಥೆಯಾಗಿ ಹೇಳುತ್ತಾರೆ. ಈ ಊರುಗಳ ಹೆಸರು ಹಿಡಿದು ನೋಡಿದರೆ, ಒಂದು ಹೆಸರು ಇನ್ನೊಂದಕ್ಕೆ ತಾಳೆಯಾಗುವುದೇ ದೊಡ್ಡ ತೊಡಕಾಗಿತ್ತು ಅನ್ನಿಸುತ್ತದೆ.

1994ರ ಯುಆರ್‌ಎಲ್ ನಿಯಮಕ್ಕೆ ರೋಮನ್ ಲಿಪಿಯಷ್ಟೇ ಗೊತ್ತಿತ್ತು. ಯೂನಿಕೋಡ್ ವಿಳಾಸಗಳ ನಿಯಮ ಬಂದದ್ದು 2005ರಲ್ಲಿ. ಅದೇ ವರ್ಷ 'ಅಜಾಕ್ಸ್' ಎಂಬ ಹೆಸರು ಚಾಲ್ತಿಗೆ ಬಂತು: ಪುಟ ಹೊಸದಾಗಿ ತೆರೆಯದೆಯೇ ಒಳಗಿನದು ಬದಲಾಗುತ್ತದೆ, ವಿಳಾಸ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಹಿಂದಕ್ಕೆ ಗುಂಡಿ ಒತ್ತಿದರೆ ಇಡೀ ತಾಣದಿಂದಲೇ ಹೊರಗೆ. ಹ್ಯಾಷ್ ಚಿಹ್ನೆಯ ನಂತರದ ಭಾಗ ಸರ್ವರಿಗೆ ಹೋಗುವುದಿಲ್ಲವಾದ್ದರಿಂದ ಅದನ್ನೇ ಬದಲಿಸುತ್ತ ಕಾಲ ತಳ್ಳಿದರು. ಬದಲಾವಣೆಯನ್ನು ತಿಳಿಸದ ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗಾಗಿ ಬ್ಯಾಕ್‌ಬೋನ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ (2010) ಸೆಕೆಂಡಿಗೆ 20 ಸಲ ವಿಳಾಸ ನೋಡುತ್ತಿತ್ತು. ಹೊಲಕ್ಕೆ ಕಾವಲು ಕೂತಂತೆ!

ಎಚ್‌ಟಿಎಂಎಲ್5ರ ಪುಷ್‌ಸ್ಟೇಟ್ ಪುಟ ಹೊಸದಾಗಿ ತೆರೆಯದೆಯೇ ವಿಳಾಸ ಬದಲಿಸಿ, ಚರಿತ್ರೆಪಟ್ಟಿಗೆ ನಮೂದು ಸೇರಿಸಿ, ಈ ಕಾವಲನ್ನು ತಪ್ಪಿಸಿತು. 2011ರಲ್ಲಿ ಬ್ಯಾಕ್‌ಬೋನ್ ಅದನ್ನು ಅಳವಡಿಸಿಕೊಂಡಿತು. ನಮ್ಮ ಪ್ರಶ್ನೆ ಶುರುವಾಗುವುದು ಇಲ್ಲಿಂದ. ಪ್ರೋಗ್ರಾಮಿನಲ್ಲಿ ಹಾದಿಯ ಹೆಸರು 'ಚಿಂತಾಮಣಿ'. ಬ್ರೌಸರು ಕೈಗೆ ಕೊಡುವುದು 72 ಗುರುತುಗಳ ಸಾಲು. ಎರಡೂ ಒಂದೇ ಊರೆಂದು ರೂಟರಿಗೆ ಹೇಗೆ ತಿಳಿಯಬೇಕು? ಹೋಲಿಸುವ ಮುನ್ನ ಸಂಕೇತ ಬಿಡಿಸಬೇಕೆಂಬ ಸಾಲು ಬ್ಯಾಕ್‌ಬೋನ್ ಕೋಡಿಗೆ ಆಮೇಲೆ ಸೇರಿತು. ಜೊತೆಗೊಂದು ಎಚ್ಚರಿಕೆ: ಶೇಕಡಾ ಚಿಹ್ನೆಯನ್ನೇ ಸೂಚಿಸುವ '%25' ಅನ್ನು ಬಿಡಿಸಕೂಡದು, ಏಕೆಂದರೆ ಅದು ಬೇರೊಂದು ಸಂಕೇತದ ಭಾಗವಾಗಿರಬಹುದು. ಇತ್ತ ಫೈರ್‌ಫಾಕ್ಸ್ ಹ್ಯಾಷ್ ಭಾಗವನ್ನು ತಾನೇ ಮೊದಲೇ ಬಿಡಿಸಿ ಕೊಡುತ್ತಿತ್ತು. ಆ ದೋಷ ತಪ್ಪಿಸಲು ಬ್ಯಾಕ್‌ಬೋನ್ ಪೂರ್ತಿ ವಿಳಾಸದಿಂದಲೇ ಹ್ಯಾಷನ್ನು ಕತ್ತರಿಸಿಕೊಂಡಿತು. ನನ್ನ ಮಟ್ಟಿಗೆ ಆ ಕಾಲದ ನಿಜವಾದ ದಾಖಲೆಗಳು ಕೋಡಿನೊಳಗಿನ ಈ ಟಿಪ್ಪಣಿಗಳೇ.

ವಿಳಾಸ ಬದಲಾಗುವುದು ಗುಂಡಿ ಒತ್ತಿದ್ದರಿಂದಲೇ ಅಲ್ಲ. 2007ರವರೆಗೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಈ ನಾಲ್ಕೂ ತಾಲ್ಲೂಕುಗಳು ಕೋಲಾರ ಜಿಲ್ಲೆಯವು. ಆಮೇಲೆ ಚಿಕ್ಕಬಳ್ಳಾಪುರವೇ ಜಿಲ್ಲೆಯಾಗಿ, ಉಳಿದವು ಅದಕ್ಕೆ ಸೇರಿದವು. ಶಿಡ್ಲಘಟ್ಟದ ರೇಷ್ಮೆಗೂಡಿನ ದರ ತೋರಿಸುವ ಪುಟವೊಂದು 'ಕೋಲಾರ/ಶಿಡ್ಲಘಟ್ಟ' ಎಂಬ ಹಾದಿಯಲ್ಲಿತ್ತೆಂದು ಊಹಿಸಿಕೊಳ್ಳಿ. ಹಳೆಯ ವಿಳಾಸಕ್ಕೆ ಬಂದ, ಗೂಡಿನಿಂದ ನೂಲು ತೆಗೆಯುವ ರೀಲರನ್ನು ಹೊಸದಕ್ಕೆ ಕಳಿಸುವಾಗ ಪುಷ್‌ಸ್ಟೇಟ್ ಬಳಸಿದರೆ, ಆತ ಹಿಂದಕ್ಕೆ ಒತ್ತಿದೊಡನೆ ಹಳೆಯ ವಿಳಾಸ ಬರುತ್ತದೆ, ಅದು ಮತ್ತೆ ಮುಂದಕ್ಕೆ ತಳ್ಳುತ್ತದೆ. ಎಷ್ಟು ಒತ್ತಿದರೂ ಗೂಡಿನ ದರವೇ. ಇಲ್ಲಿ ಬೇಕಾದದ್ದು ರಿಪ್ಲೇಸ್‌ಸ್ಟೇಟ್: ಚರಿತ್ರೆಪಟ್ಟಿಗೆ ಹೊಸ ನಮೂದು ಸೇರಿಸದೆ ಇದ್ದದ್ದನ್ನೇ ತಿದ್ದುತ್ತದೆ.

ಇಂಗ್ಲಿಷ್ ಕಾಗುಣಿತದ ರಗಳೆ ಬೇರೆ. ಗೌರಿಯನ್ನು 'ಎಯು' ಹಾಕಿಯೂ ಬರೆಯುತ್ತಾರೆ, 'ಓಡಬ್ಲ್ಯೂ' ಹಾಕಿಯೂ ಬರೆಯುತ್ತಾರೆ. ಶಿಡ್ಲಘಟ್ಟಕ್ಕೆ 'ಎಚ್' ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ರೋಮನ್ ವಿಳಾಸವಿಟ್ಟವರು ಒಂದೊಂದು ಊರಿಗೆ ಎರಡು ಹಾದಿ ಬರೆದು, ಒಂದರಿಂದ ಇನ್ನೊಂದಕ್ಕೆ ರಿಪ್ಲೇಸ್‌ಸ್ಟೇಟ್ ಮಾಡುತ್ತ ಕೂರಬೇಕು. 99 ಗುರುತಿನ ಗೌರಿಬಿದನೂರಿಗೆ ಹಾದಿ ಒಂದೇ.